ಮರದ ಮುಂದೆ ಮತ್ತೆ ಶಿಷ್ಯೆಯಾಗು

ತಾಯಿ, ಸದ್ಯಕ್ಕೆ ಕೆಲಸ ಬಿಡಬೇಡ. ನೀನು ಕೇಳಿದ್ದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮರ ಕೆತ್ತುವುದನ್ನು ಮಾತ್ರ ಈ ತಿಂಗಳೇ ಶುರು ಮಾಡು, ರಿಟೈರ್ ಆದ ಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಬೇಡ. ಎರಡು ಮಾತನ್ನೂ ಒಟ್ಟಿಗೆ ಹೇಳುತ್ತಿದ್ದೇನೆ, ಎರಡಕ್ಕೂ ಕಾರಣ ಇದೆ.

ನೀನು ಮಳವಳ್ಳಿ ಹೈಸ್ಕೂಲಿನಲ್ಲಿ ನನ್ನ ಡ್ರಾಯಿಂಗ್ ಕ್ಲಾಸಿನಲ್ಲಿ ಕೂತಿದ್ದವಳು. ಈಗ ಮದ್ದೂರು ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ನಲಿ-ಕಲಿ ಮಕ್ಕಳ ಟೀಚರು. ಮೊನ್ನೆ ನಮ್ಮ ಜಗಲಿಯಲ್ಲಿ ನಾನು ಕೆತ್ತಿ ಬಣ್ಣ ಹಾಕಿದ ಹಲಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಸಾರ್, ನನಗೂ ಇದೇ ಬೇಕು, ಶಾಲೆ ಬಿಟ್ಟುಬಿಡ್ತೀನಿ" ಅಂದೆ. ಆ ಮಾತು ಬರೀ ಹುಮ್ಮಸ್ಸಿನದಲ್ಲ ಅಂತ ನನಗೆ ಗೊತ್ತು. ಹಾಗಾಗಿಯೇ ಕೂತು ಬರೆಯುತ್ತಿದ್ದೇನೆ.

ಸಂಬಳ ಇದ್ದರೆ ಭದ್ರತೆ ಅಂತ ನಿನಗೆ ಎಲ್ಲರೂ ಹೇಳುತ್ತಾರೆ. ನಿಮ್ಮಪ್ಪ ಹೇಳಿರುತ್ತಾರೆ, ಹೆಡ್‌ಮೇಷ್ಟ್ರು ಹೇಳಿರುತ್ತಾರೆ. ನಾನು ಹೇಳುವುದು ಬೇರೆ. ಸಂಬಳ ಇರುವವರಿಗೆ ಚೆನ್ನಾಗಿ ಬಾರದ ಕೆತ್ತನೆಯನ್ನು ಒಲೆಗೆ ಹಾಕುವ ಸ್ವಾತಂತ್ರ್ಯ ಇರುತ್ತದೆ. ಇವತ್ತು ರಾಜೀನಾಮೆ ಕೊಟ್ಟರೆ ನಾಳೆಯಿಂದ ನೀನು ಕೆತ್ತುವುದೆಲ್ಲ ಮಾರಾಟಕ್ಕೆ. ಗೃಹಪ್ರವೇಶಕ್ಕೆ ಬಾಗಿಲ ಮೇಲಿನ ಗಣಪತಿ, ಆಫೀಸಿನ ನಾಮಫಲಕ, ಮದುವೆಗೆ ಕೊಡುವ ರಾಧಾಕೃಷ್ಣ. ಅವನ್ನು ಕೆತ್ತುವುದು ಕೀಳು ಕೆಲಸವಲ್ಲ. ಆದರೆ ಕೈ ಇನ್ನೂ ಕಲಿಯದೆ ಇರುವಾಗ ಗಿರಾಕಿಯ ಕೈಗೆ ಸಿಕ್ಕಿಬಿದ್ದರೆ, ಬಂದಷ್ಟನ್ನೇ ಮತ್ತೆ ಮತ್ತೆ ಮಾಡುತ್ತಾ ಕೂರುತ್ತೀಯ. ಐದಾರು ವರ್ಷ ನಿನ್ನ ಕೆತ್ತನೆಗೆ ಬೆಲೆ ಕಟ್ಟುವವರು ಯಾರೂ ಇರಬಾರದು. ಆ ವರ್ಷಗಳನ್ನು ನಿನ್ನ ಸಂಬಳ ಕೊಂಡುಕೊಡುತ್ತದೆ ಅಂದುಕೋ.

ಹಾಗಾದರೆ ತಡ ಯಾಕೆ ಮಾಡಬಾರದು? ಕಣ್ಣಿಗೂ ಮಣಿಕಟ್ಟಿಗೂ ವಯಸ್ಸಿದೆ. ರುಮಾಲೆ ಚೆನ್ನಬಸವಯ್ಯನವರ ಹೆಸರು ಕೇಳಿದ್ದೀಯ. ದೊಡ್ಡಬಳ್ಳಾಪುರದ ಕಡೆಯವರು, 1910ರಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಚಿತ್ರಕಲೆ ಕಲಿತು, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಪತ್ರಿಕೆ, ರಾಜಕೀಯ ಅಂತ ಓಡಾಡಿ, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ಐವತ್ತರ ಮೇಲೂ ಆಗುತ್ತದೆ ಅನ್ನುವುದಕ್ಕೆ ಅವರೇ ಸಾಕ್ಷಿ. ಹಾಗೆ ಆಗಿದ್ದಕ್ಕೆ ಕಾರಣವನ್ನೂ ನೋಡು: ಅವರ ಕೈ ಚಿಕ್ಕ ವಯಸ್ಸಿನಲ್ಲೇ ಪಳಗಿತ್ತು. ಬಣ್ಣಕ್ಕೇ ಹೀಗಾದರೆ, ತೋಳಿನ ಬಲ ಬೇಡುವ ಮರಕ್ಕೆ ಇನ್ನೂ ಬೇಗ ಕೂರಬೇಕು.

ಕೆ.ಕೆ. ಹೆಬ್ಬಾರರ ಉದಾಹರಣೆ ನಿನಗೆ ಇನ್ನೂ ಹತ್ತಿರದ್ದು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ತಂದೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಹೆಬ್ಬಾರರು ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ವಿದ್ಯಾರ್ಥಿಯಾಗಿ ಕೂತರು. ಡಿಪ್ಲೊಮಾ ಮುಗಿಸಿದ ಮೇಲೆ 1940ರಿಂದ 45ರವರೆಗೆ ಅಲ್ಲಿಯೇ ಮೇಷ್ಟ್ರಾಗಿದ್ದರು. ಮೇಷ್ಟ್ರು, ಶಿಷ್ಯ, ಮತ್ತೆ ಮೇಷ್ಟ್ರು. ನಡುವಿನ ಮೆಟ್ಟಿಲನ್ನು ಅವರು ಹಾರಿಹೋಗಲಿಲ್ಲ. ನಾನು ಹೇಳಬೇಕೆಂದಿರುವುದು ಆ ನಡುವಿನ ಮೆಟ್ಟಿಲಿನ ವಿಷಯವನ್ನೇ.

ಶಾಲೆ ನಮಗೆ ಒಂದು ಅಭ್ಯಾಸ ಹಚ್ಚುತ್ತದೆ ಕಣವ್ವ. ದಿನವಿಡೀ ನಾವು ಹೇಳುವವರು, ಎದುರಿಗಿರುವವರು ಕೇಳುವವರು. ನಾವು ತಿದ್ದುವವರು, ಅವರು ತಿದ್ದಿಸಿಕೊಳ್ಳುವವರು. ವರ್ಷಾನುಗಟ್ಟಲೆ ಹಾಗೆ ನಡೆದುಬಿಟ್ಟರೆ ಇನ್ನೊಬ್ಬರ ಮುಂದೆ ಕೂತು "ಇದು ಸರಿಯಾಗಲಿಲ್ಲ, ಮತ್ತೆ ಮಾಡು" ಅನ್ನಿಸಿಕೊಳ್ಳುವುದು ಕಷ್ಟವಾಗುತ್ತದೆ. ಮರದ ಕೆಲಸಕ್ಕೆ ಬಂದ ಓದಿದವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಅವರ ಕೈ ಬಲವಾಗಿಯೇ ಇರುತ್ತದೆ, ತಿದ್ದಿಸಿಕೊಳ್ಳುವ ಮನಸ್ಸು ಇರುವುದಿಲ್ಲ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ಆನ್‌ಲೈನಿನಲ್ಲಿ ಹನ್ನೆರಡು ಉಳಿಗಳ ಪೆಟ್ಟಿಗೆ ತರಿಸಿ, ಒಂದು ಎಲೆ ಒಂದು ಹೂವು ಕೆತ್ತಿ, ಫೋಟೋ ಹಾಕಿ, ಶಹಬ್ಬಾಸ್ ಅನ್ನಿಸಿಕೊಂಡು ಅಲ್ಲಿಗೇ ನಿಲ್ಲುತ್ತಾರೆ. ನೀನು ಹಾಗಾಗಬೇಡ.

ಆಚಾರ್ರ ಹತ್ತಿರ ಹೋಗು. ಮಂಡ್ಯ, ಮದ್ದೂರು, ಮಳವಳ್ಳಿ, ಯಾವ ಊರಲ್ಲಾದರೂ ಬಾಗಿಲು ಚೌಕಟ್ಟು ಮಾಡುವ ವಿಶ್ವಕರ್ಮರ ಕೊಟ್ಟಿಗೆ ಇದ್ದೇ ಇರುತ್ತದೆ. ಅಲ್ಲಿ ಬಿ.ಎಡ್. ಸರ್ಟಿಫಿಕೇಟು ಕೇಳುವವರಿಲ್ಲ. ಆಚಾರ್ರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರಿರಬಹುದು, ಅವರ ಮಗ ನಿನ್ನಂಥವರಿಂದಲೇ ಪಾಠ ಹೇಳಿಸಿಕೊಂಡವನಿರಬಹುದು. ನೀನು ನೆಲದ ಮೇಲೆ ಕೂರಬೇಕು, "ಆಚಾರ್ರೇ" ಅಂತ ಕರೆದು ಕೇಳಬೇಕು. ಅವರು ಜಾಸ್ತಿ ಮಾತಾಡುವುದಿಲ್ಲ. ಬಹುಶಃ ಮೊದಲ ಕೆಲವು ವಾರ ಉಳಿ ಮಸೆಯುವುದನ್ನು ಬಿಟ್ಟು ಬೇರೇನನ್ನೂ ಹೇಳಿಕೊಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡ, ಅರ್ಧ ವಿದ್ಯೆ ಅದರಲ್ಲೇ ಇದೆ.

ಉಳಿ ಮಸೆಯುವುದನ್ನು ಬರೆದೇ ತೋರಿಸುತ್ತೇನೆ. ಸಾಣೆಕಲ್ಲಿಗೆ ನೀರು ಚಿಮುಕಿಸಿ, ಉಳಿಯ ಓರೆ ಮುಖವನ್ನು ಕಲ್ಲಿಗೆ ಪೂರ್ತಿ ಕೂರಿಸಿ, ಅದೇ ಓರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಮಣಿಕಟ್ಟು ಅಲುಗಿದರೆ ಅಂಚು ದುಂಡಗಾಗಿ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಉಳಿಯ ಬೆನ್ನ ಕಡೆಯಿಂದ ಅಂಚಿನತ್ತ ಬೆರಳು ಸವರಿದರೆ ಕೂದಲಿಗಿಂತ ಸಣ್ಣ ತರಿಯೊಂದು ಸಿಗುತ್ತದೆ. ಆ ತರಿ ಅಂಚಿನ ಉದ್ದಕ್ಕೂ ಎದ್ದಿದ್ದರೆ ಕಲ್ಲು ಅಂಚಿನ ತುದಿಯವರೆಗೂ ಮುಟ್ಟಿದೆ ಅಂತ ಅರ್ಥ. ಆಗ ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಒಂದೆರಡು ಸಲ ಎಳೆದು ಅದನ್ನು ತೆಗೆದುಬಿಡು, ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆ. ಮೆದು ಮರವೊಂದನ್ನು ಅಡ್ಡಕ್ಕೆ ಕೊಯ್ದ ಮುಖದಲ್ಲಿ ಉಳಿಯನ್ನು ಒತ್ತಿ ನೋಡು. ಪುಡಿ ಉದುರಿದರೆ ಮತ್ತೆ ಕಲ್ಲಿಗೆ ಹೋಗು. ಕೊಯ್ದ ಜಾಗ ನುಣ್ಣಗೆ ಹೊಳೆದು ಸಿಪ್ಪೆ ಎದ್ದರೆ ಕೆಲಸಕ್ಕೆ ಕೂರಬಹುದು. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದಾಗಲೇ ಉಳಿ ಜಾರುವುದು, ಜಾರಿದಾಗಲೇ ಎಡಗೈಗೆ ತಗಲುವುದು. ಎಡಗೈಯನ್ನು ಯಾವತ್ತೂ ಉಳಿಯ ಮುಂದೆ ಇಡಬೇಡ. ಕಣ್ಣಿಗೆ ಕನ್ನಡಕ, ಉಪ್ಪುಕಾಗದದಲ್ಲಿ ಉಜ್ಜುವಾಗ ಮೂಗಿಗೆ ಮಾಸ್ಕು ತಪ್ಪಿಸಬೇಡ.

ಮರದ ವಿಷಯಕ್ಕೆ ಬರೋಣ. ಶ್ರೀಗಂಧ, ಬೀಟೆ ಬೇಡವೇ ಬೇಡ. ಅವಕ್ಕೆ ಕಾನೂನಿನ ಕಟ್ಟುಪಾಡು ಬಿಗಿ, ಕಲಿಯುವವರಿಗೆ ಅಷ್ಟು ದುಬಾರಿ ಮರ ಬೇಕಾಗಿಯೂ ಇಲ್ಲ. ತೇಗವನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಬಿಲ್ಲಿಲ್ಲದ ಮರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡ. ಶಿವನೆ, ಹಾಲೆ, ಹಲಸು, ಬೇವು ನಮ್ಮ ಕಡೆ ಸಿಗುತ್ತವೆ. ಶಿವನೆ ಉಳಿಗೆ ಸಲೀಸು. ಹಾಲೆ ಮರ ಚನ್ನಪಟ್ಟಣದ ಬೊಂಬೆಯವರ ಮರ: ಬಿಳುಪು, ನಯ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹಲಸು ಗಟ್ಟಿ, ತುಳುನಾಡಿನ ಭೂತಗಳ ದೊಡ್ಡ ದೊಡ್ಡ ಮೂರ್ತಿಗಳನ್ನು ಕೆತ್ತಿರುವುದು ಅದರಲ್ಲೇ. ಹಸಿ ಮರ ಕೆತ್ತಿದರೆ ಒಣಗುವಾಗ ಮುಖದ ನಡುವೆಯೇ ಸೀಳುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅಂತ ಲೆಕ್ಕ. ತೇವ ಆರುವುದು ತುದಿಗಳಲ್ಲೇ ಬೇಗ, ಬಿರುಕು ಹುಟ್ಟುವುದೂ ಅಲ್ಲೇ. ಅದಕ್ಕೇ ತುದಿಗೆ ಮೇಣ ಬಳಿಯುವುದು. ಹಳೆಯ ತೊಟ್ಟಿಮನೆ ಕೆಡವುವ ಕಡೆ ತೊಲೆಯ ತುಂಡು ಸಿಕ್ಕರೆ ಪುಣ್ಯ ಅಂದುಕೋ, ಒಣಗುವುದೆಲ್ಲ ನಿನ್ನ ಅಜ್ಜಿಯ ಕಾಲದಲ್ಲೇ ಮುಗಿದಿರುತ್ತದೆ. ಮುರಿದ ಮೊಳೆ ಒಳಗೆ ಇದೆಯೇ ಅಂತ ಮಾತ್ರ ನೋಡಿಕೋ.

ಏನನ್ನು ನೋಡಿ ಕಲಿಯಬೇಕು ಅಂತ ಕೇಳಿದೆಯಲ್ಲ. ನಿನ್ನ ಮನೆಯಲ್ಲೇ ಒಂದಿದೆ. ಸಂಕ್ರಾಂತಿಗೆ ನಿಮ್ಮಮ್ಮ ಅಟ್ಟದಿಂದ ಇಳಿಸುವ ಸಕ್ಕರೆ ಅಚ್ಚಿನ ಮರವನ್ನು ಈ ಸಲ ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡು. ತುಳಸಿಕಟ್ಟೆ, ಆನೆ, ಬಾಳೆಗೊನೆ, ಎಲ್ಲವೂ ಅಲ್ಲಿ ತಗ್ಗಿನಲ್ಲಿದೆ. ಆನೆಯ ಹೊಟ್ಟೆ ಉಬ್ಬಿರಬೇಕಾದ ಕಡೆ ಗುಳಿ, ಕಣ್ಣು ಒಳಗಿರಬೇಕಾದ ಕಡೆ ಉಬ್ಬು. ಕೆತ್ತಿದವನು ಆನೆಯನ್ನು ಒಳಗಿನಿಂದ ನೋಡಿದ್ದಾನೆ. ಎರಡು ಹೋಳುಗಳ ಗೆರೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂಡುತ್ತದೆ. ಒಳಗೋಡೆಗಳನ್ನು ಬೆರಳಿನಿಂದ ಸವರು. ಯಾವುದೂ ಒಳಮುಖವಾಗಿ ಬಾಗಿರುವುದಿಲ್ಲ, ಎಲ್ಲವೂ ಬಾಯಿಯ ಕಡೆಗೆ ಸ್ವಲ್ಪ ಅಗಲವಾಗುತ್ತಾ ಬರುತ್ತವೆ. ಒಂದು ಕಡೆ ಒಳಕ್ಕೆ ಬಾಗಿದ್ದರೂ ಗಟ್ಟಿಯಾದ ಸಕ್ಕರೆ ಅಲ್ಲಿ ಸಿಕ್ಕಿಕೊಂಡು ಆನೆಯ ಸೊಂಡಿಲು ಮುರಿಯುತ್ತದೆ. ಅದನ್ನು ಕೆತ್ತಿದವರ ಹೆಸರು ಯಾರಿಗೂ ಗೊತ್ತಿಲ್ಲ. ಮಂಡ್ಯದ ಕಬ್ಬಿನ ಹೆಸರು ಹೇಳುವವರು ಆ ಕೈಯ ಹೆಸರನ್ನೂ ಹೇಳಬೇಕಿತ್ತು ಅಂತ ನನಗೆ ಪ್ರತಿ ಸಂಕ್ರಾಂತಿಯಲ್ಲೂ ಅನ್ನಿಸುತ್ತದೆ. ನಿನ್ನ ಮೊದಲ ದೊಡ್ಡ ಕೆಲಸ ಒಂದು ಸಕ್ಕರೆ ಅಚ್ಚಾಗಲಿ. ಚಪಾತಿ ಹಿಟ್ಟು ಒತ್ತಿ ತೆಗೆದು ನೋಡಿದರೆ ತಪ್ಪು ಎಲ್ಲಿದೆ ಅಂತ ಆ ಹಿಟ್ಟೇ ತೋರಿಸುತ್ತದೆ, ಯಾರೂ ತಿದ್ದಬೇಕಾಗಿಲ್ಲ.

ಸೋಮನ ಕುಣಿತ ನೋಡಿದ್ದೀಯ. ಸೋಮನ ಮುಖವಾಡವನ್ನು ಹಗಲಲ್ಲಿ, ಕುಣಿತ ನಿಂತಾಗ, ಅಪ್ಪಣೆ ಕೇಳಿ ಹತ್ತಿರದಿಂದ ನೋಡು. ದೊಡ್ಡ ಕಣ್ಣು, ಮೀಸೆ, ಕೆಂಪು ಹಳದಿಯ ದಟ್ಟ ಬಣ್ಣ. ನಾಜೂಕಿನ ಗೆರೆ ಒಂದೂ ಇಲ್ಲ. ಬಯಲಿನಲ್ಲಿ ಜನರ ತಲೆಗಳ ಮೇಲಿಂದ, ಪಂಜಿನ ಬೆಳಕಿನಲ್ಲೂ ಕಾಣಬೇಕಾದ ಮುಖ ಅದು. ಎಷ್ಟು ದೂರದಿಂದ ನೋಡುವ ಕೆಲಸ, ಎಷ್ಟು ಆಳಕ್ಕೆ ಉಳಿ ಹೋಗಬೇಕು ಅನ್ನುವ ಲೆಕ್ಕ ಆ ಮುಖದಲ್ಲಿದೆ. ಕುಣಿತದವರು ಮುಟ್ಟಬೇಡ ಅಂದರೆ ಮುಟ್ಟಬೇಡ, ಅವರಿಗೆ ಅದು ದೇವರು. ಮುಟ್ಟದೆ ನಿಧಾನವಾಗಿ ನೋಡಬೇಕೆಂದರೆ ಮೈಸೂರಿಗೆ ಹೋಗು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇದೆ, ತೆರೆದಿದೆಯೇ ಅಂತ ಮೊದಲೇ ವಿಚಾರಿಸಿಕೋ. 1960ರ ದಶಕದ ಕೊನೆಯಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ಆರ್. ತಿಪ್ಪೇಸ್ವಾಮಿಯವರು ಸ್ವತಃ ಒಳ್ಳೆಯ ಚಿತ್ರಕಲಾವಿದರು, ಹಳ್ಳಿಹಳ್ಳಿ ತಿರುಗಿ ವಸ್ತು ಕೂಡಿಸಿದವರು. ಬೆಂಗಳೂರು ದಾರಿಯಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಇದೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ಜಿಲ್ಲೆಯವರು, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಜಾನಪದಕ್ಕೆ ದುಡಿದರು. ಕೆಲಸದಲ್ಲಿದ್ದಾಗ ಶುರು ಮಾಡಿದ್ದು ನಿವೃತ್ತಿಯ ಮೇಲೆ ಎಷ್ಟು ದೊಡ್ಡದಾಗಬಹುದು ಅಂತ ಅಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ನೀನು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀಯ, ಮಕ್ಕಳನ್ನು ಎಣಿಸುವುದರಲ್ಲೇ ಹೊತ್ತು ಹೋಗಿರುತ್ತದೆ. ಒಬ್ಬಳೇ ಇನ್ನೊಂದು ಸಲ ಹೋಗು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಮರದ ಕಂಬ, ಕಮಾನು, ಮುಚ್ಚಿಗೆಯ ಮೇಲೆಲ್ಲ ಬಣ್ಣದ ಬಳ್ಳಿ ಓಡಿದೆ. ಪೊಳ್ಳಿಲೂರು ಯುದ್ಧದ ಗೋಡೆ ಚಿತ್ರ ನೋಡಿಯೇ ಜನ ವಾಪಸ್ ಹೋಗುತ್ತಾರೆ, ನೀನು ಕಂಬಗಳನ್ನು ನೋಡು. ಕೆತ್ತನೆ ಎಲ್ಲಿ ನಿಲ್ಲುತ್ತದೆ, ಬಣ್ಣ ಎಲ್ಲಿ ಶುರುವಾಗುತ್ತದೆ, ಒಂದು ಇನ್ನೊಂದರ ಮೇಲೆ ಹೇಗೆ ಕೂತಿದೆ ಅಂತ ನೋಡು.

ಬಣ್ಣದ ಮಾತು ಬಂದಿತಲ್ಲ, ಮನಸ್ಸಿನಲ್ಲಿ ಇರುವ ಒಂದು ನೋವು ಹೇಳುತ್ತೇನೆ. ನಮ್ಮ ಕಡೆಯ ಎಷ್ಟೋ ಗುಡಿಗಳಲ್ಲಿ ಮರದ ಬಸವ, ಗರುಡ, ಕುದುರೆ ವಾಹನಗಳಿವೆ. ಜಾತ್ರೆ ಬಂತೆಂದರೆ ಭಕ್ತಿಯಿಂದಲೇ ಡಬ್ಬಿ ತಂದು ಎನಾಮಲ್ ಬಳಿಯುತ್ತಾರೆ, ಹಳೆಯದರ ಮೇಲೆ ಹೊಸದು. ಬಸವನ ಕೊರಳ ಗೆಜ್ಜೆಸರದ ಒಂದೊಂದು ಗೆಜ್ಜೆಯನ್ನೂ ಬಿಡಿಸಿ ಕೆತ್ತಿರುತ್ತಾರೆ. ಬಣ್ಣದ ಪದರ ಕೂತು ಕೂತು ಗೆಜ್ಜೆಗಳ ನಡುವಿನ ಸಂದು ಮುಚ್ಚಿಹೋಗಿ ಸರವೇ ಒಂದು ದಪ್ಪ ಹಗ್ಗದ ಹಾಗೆ ಕಾಣುತ್ತದೆ. ನೀನು ಬಣ್ಣ ಹಾಕುವವಳಾದರೆ ತೆಳುವಾಗಿ ಹಾಕು. ಮೊದಲು ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ತೆಳ್ಳಗೆ ಬಳಿ, ಒಣಗಿಸಿ ಉಜ್ಜು, ಮತ್ತೆ ಬಳಿ, ಮತ್ತೆ ಉಜ್ಜು. ಮೈಸೂರು ಶೈಲಿಯವರು ಚಿನ್ನದ ರೇಕು ಕೂರಿಸುವ ಮೊದಲು ತಳ ಸಿದ್ಧ ಮಾಡುವುದಕ್ಕೆ ಎಷ್ಟು ತಾಳ್ಮೆ ತೋರಿಸುತ್ತಾರೆ ಅಂತ ವಿಚಾರಿಸಿ ತಿಳಿದುಕೋ. ಎಳೆ ಚೆಂದವಾಗಿರುವ ಮರಕ್ಕೆ ಬಣ್ಣ ಹಾಕಲೇಬೇಡ, ಎಣ್ಣೆ ತೀಡಿ ಬಿಡು. ನಿಮ್ಮೂರ ಗುಡಿಯಲ್ಲಿ ವಾಹನಕ್ಕೆ ಬಣ್ಣ ಹೊಡೆಸುವ ಮಾತು ಎದ್ದರೆ ಟೀಚರ ಮಾತಿಗೆ ಊರಲ್ಲಿ ಬೆಲೆ ಇದೆ, ಎದ್ದು ನಿಂತು ಹೇಳು.

ಇನ್ನೊಂದು ವಿಷಯ, ಇದು ಕೆತ್ತನೆಗಿಂತ ಕಷ್ಟದ್ದು. ನೀನು ಉಳುವವರ ಮನೆಯ ಹುಡುಗಿ. ಉಳಿ ಹಿಡಿದರೆ ನಿನ್ನ ಕಡೆಯವರೂ ಮಾತಾಡುತ್ತಾರೆ, ಆಚಾರ್ರ ಕಡೆಯವರೂ ಮಾತಾಡುತ್ತಾರೆ. ಎರಡು ವರ್ಷ ಬಿಡದೆ ಹೋದರೆ ಆ ಮಾತು ತಾನಾಗಿ ನಿಲ್ಲುತ್ತದೆ. ನನ್ನ ಚಿಂತೆ ಆಮೇಲಿನದು. ಟೀಚರೊಬ್ಬಳು ಮರ ಕೆತ್ತುತ್ತಾಳೆ ಅಂದರೆ ಪತ್ರಿಕೆಯವರು ಬರುತ್ತಾರೆ, ಶಾಲು ಹೊದಿಸುತ್ತಾರೆ. ತಲೆತಲಾಂತರದಿಂದ ಕೆತ್ತುತ್ತಾ ಬಂದ ಆಚಾರ್ರ ಮನೆಗೆ ಯಾರೂ ಹೋಗಿರುವುದಿಲ್ಲ, ಅವರ ಮಗ ಬೆಂಗಳೂರಿನಲ್ಲಿ ಪ್ಲೈವುಡ್ ವಾರ್ಡ್‌ರೋಬ್ ಮಾಡುತ್ತಿರುತ್ತಾನೆ. ಹಾಗೆ ಬಂದವರ ಮುಂದೆ ನಿನ್ನ ಬಾಯಿಂದ ಮೊದಲು ಬರಬೇಕಾದ್ದು ಆಚಾರ್ರ ಹೆಸರು. ಕೆತ್ತನೆಯ ಹಿಂಬದಿಯಲ್ಲಿ ನಿನ್ನ ಹೆಸರು ಹಾಕುವಾಗ ಕಲಿಸಿದವರ ಹೆಸರನ್ನೂ ಹಾಕು. ಸೋಮನಾಥಪುರದಲ್ಲಿ 13ನೇ ಶತಮಾನದ ಮಲ್ಲಿತಮ್ಮ ಹಲವು ವಿಗ್ರಹಗಳ ಬುಡದಲ್ಲಿ ತನ್ನ ಹೆಸರು ಕೊರೆದಿದ್ದಾನೆ. ಮಸಣಿತಮ್ಮ, ಚೌಡಯ್ಯ, ನಂಜಯ್ಯ ಅನ್ನುವ ಹೆಸರುಗಳೂ ಅಲ್ಲಿವೆ. ರಾಜರ ಹೆಸರಿನ ಶಾಸನದ ಜೊತೆಗೆ ಕೆಲಸ ಮಾಡಿದವರ ಹೆಸರೂ ಉಳಿದದ್ದು ಅವರೇ ಕೊರೆದದ್ದರಿಂದ.

ನಿನ್ನ ನಲಿ-ಕಲಿ ಮಕ್ಕಳನ್ನು ಇದರಿಂದ ಹೊರಗಿಡಬೇಡ. ಸ್ವೀಡನ್ನಿನ ನಾಸ್ ಎಂಬಲ್ಲಿ ಓಟೋ ಸಾಲಮನ್ ಅನ್ನುವವರು 1870ರ ದಶಕದಲ್ಲೇ ಮೇಷ್ಟ್ರುಗಳಿಗೆ ಅಂತ ಮರಗೆಲಸದ ತರಬೇತಿ ನಡೆಸಿದರು, ದೇಶವಿದೇಶದ ಶಿಕ್ಷಕರು ಅಲ್ಲಿಗೆ ಬಂದು ಚಾಕು ಹಿಡಿದು ಕಲಿತರು. ಮಗು ಮಾಡಿದ ಸೌಟು ಮುಖ್ಯವಲ್ಲ, ಸೌಟು ಮಾಡುತ್ತಾ ಆ ಮಗು ಏನಾಗುತ್ತದೆ ಅನ್ನುವುದು ಮುಖ್ಯ ಅಂತ ಅವರ ತಿಳಿವಳಿಕೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸವನ್ನು ಪಾಠದ ನಡುವೆಯೇ ತಂದದ್ದೂ ಇದೇ ನಂಬಿಕೆಯಿಂದ. ನಿನ್ನ ಮಕ್ಕಳು ಚಿಕ್ಕವರು, ಉಳಿ ಕೊಡಬೇಡ. ಸೋಪಿನ ತುಂಡು, ಐಸ್‌ಕ್ರೀಂ ಕಡ್ಡಿ ಕೊಡು, ಕೆರೆಯ ಮಣ್ಣು ಕೊಡು. ಅಕ್ಷರ ತಿದ್ದಲು ಒದ್ದಾಡುವ ಮಗು ಸೋಪಿನಲ್ಲಿ ಮೀನು ಬಿಡಿಸುವುದನ್ನು ನೀನು ನೋಡುತ್ತೀಯ. ಸೋಮವಾರ ಬೆಳಿಗ್ಗೆ ಆ ಮಗು ನಿನ್ನ ಕಡೆ ನೋಡುವ ನೋಟವೇ ಬೇರೆಯಾಗಿರುತ್ತದೆ. ಭಾನುವಾರ ಆಚಾರ್ರಿಂದ ತಿದ್ದಿಸಿಕೊಂಡು ಬಂದವಳು ನೀನು, ತಿದ್ದುವ ನಿನ್ನ ಕೈಯೂ ಅವತ್ತು ಮೆತ್ತಗಿರುತ್ತದೆ.

ದುಡ್ಡಿನ ಮಾತು ಚುಟುಕಾಗಿ. ಸರ್ಕಾರಿ ನೌಕರಿಯಲ್ಲಿರುವವರು ಮಾರಾಟಕ್ಕೆ ಇಳಿಯುವ ಮೊದಲು ಇಲಾಖೆಯ ಅನುಮತಿ ಕೇಳಬೇಕು, ಬರಹದಲ್ಲಿ ಕೇಳು. ಮುಂದೆ ನಿಜವಾಗಿಯೂ ಶಾಲೆ ಬಿಡುವ ದಿನ ಬಂದರೆ ನಾನೇ ನಿನ್ನ ಪರವಾಗಿ ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ. ಆಗ ಕ್ರಮವಾಗಿ ಕಲಿಯುವ ದಾರಿಗಳೂ ಇವೆ. ಮೈಸೂರಿನಲ್ಲಿ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಇದೆ. ಬಿಡದಿ ಹತ್ತಿರದ ಜೋಗರದೊಡ್ಡಿಯಲ್ಲೂ ಕಾರ್ಕಳದಲ್ಲೂ ಕೆನರಾ ಬ್ಯಾಂಕಿನವರು ನಡೆಸುತ್ತಾ ಬಂದ ಕುಶಲಕರ್ಮಿಗಳ ತರಬೇತಿ ಸಂಸ್ಥೆಗಳಿವೆ. ಹೋಗಿ ವಿಚಾರಿಸು. ಯಾವಾಗ ಬಿಡಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಇಷ್ಟೇ: ನಿನ್ನ ಆಚಾರ್ರು ತಮಗೆ ಬಂದ ಕೆಲಸದಲ್ಲಿ ಒಂದು ಭಾಗವನ್ನು ತಾವಾಗಿ ನಿನ್ನ ಕೈಗೆ ಕೊಟ್ಟು, ಅದನ್ನು ತಿದ್ದದೆ ಗಿರಾಕಿಗೆ ಒಪ್ಪಿಸಿದ ಮೇಲೆ.

ಮದ್ದೂರಿನಲ್ಲಿ ನನಗೆ ಗೊತ್ತಿರುವ ಆಚಾರ್ರೊಬ್ಬರಿದ್ದಾರೆ, ನಿನ್ನ ವಿಷಯ ಹೇಳಿದ್ದೇನೆ. ಬರಲಿ ನೋಡೋಣ ಅಂದಿದ್ದಾರೆ. ಮೊದಲ ಸಲ ಅಮಾವಾಸ್ಯೆಯ ದಿನ ಹೋಗು. ಅವತ್ತು ಅವರು ಉಳಿ ಮುಟ್ಟುವುದಿಲ್ಲ, ಮಾತಾಡಲು ಬಿಡುವಿರುತ್ತದೆ. ನಿನ್ನ ಡ್ರಾಯಿಂಗ್ ಪುಸ್ತಕ ತೋರಿಸಲು ಆತುರಪಡಬೇಡ, ಅವರು ಕೇಳಿದರೆ ತೋರಿಸು. ಬರುವ ಭಾನುವಾರದಿಂದ ಬರಲಾ ಅಂತ ಕೇಳು. ಬರಬೇಕಾದರೆ ಏನು ತರಬೇಕು ಅಂತಲೂ ಕೇಳು, ಅವರು ಹೇಳಿದ್ದನ್ನಷ್ಟೇ ತಗೊಂಡು ಹೋಗು.